ಬಳ್ಳಾರಿಯಲ್ಲಿ ಮೆನಿಂಜೈಟಿಸ್ ಲಸಿಕೆ: ಒಂದು ಲಸಿಕೆ ಕೇಂದ್ರದಲ್ಲಿ ಕಂಡದ್ದು, ಕೇಳಿದ್ದು

ನನ್ನ ತಂಗಿಯ ಮಗಳು ಸ್ನಾತಕೋತ್ತರ ಪದವಿಗಾಗಿ ಅಮೆರಿಕಕ್ಕೆ ಹೊರಟಿದ್ದಾಳೆ. ಅಲ್ಲಿನ ವಿಶ್ವವಿದ್ಯಾಲಯ ಕಳುಹಿಸಿದ ಆರೋಗ್ಯ ನಮೂನೆಯಲ್ಲಿ, ಹಾಸ್ಟೆಲ್‌ನಲ್ಲಿ ಉಳಿಯುವವರು ಕಳೆದ 5 ವರ್ಷಗಳೊಳಗೆ ಮೆನಿಂಗೊಕಾಕಲ್ ಲಸಿಕೆ (ಮೆನಿಂಜೈಟಿಸ್ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ) ಪಡೆದಿರಬೇಕು, ಪಡೆದ ದಿನಾಂಕದ ಮುಂದೆ ವೈದ್ಯರ ಸಹಿ ಮತ್ತು ಮೊಹರು ಇರಬೇಕು ಎಂದಿತ್ತು. ಅದನ್ನು ಓದಿ ಹೇಳಿದಾಗ ತಂಗಿ, "ಅಣ್ಣಾ, ಅದನ್ನ ಆಕಿ ಸಣ್ಣಾಕಿದ್ದಾಗಲೇ ಹಾಕಿಸೀವಲ್ಲ, ಮೆದುಳು ಜ್ವರದ ಸೂಜಿ" ಎಂದಳು. ನಾನೂ ಹಾಗೆಯೇ ತಿಳಿದಿದ್ದೆ. ಸಿರುಗುಪ್ಪದ ಸುತ್ತಿನ ಭತ್ತದ ಸೀಮೆಯಲ್ಲಿ ಬೆಳೆದ ಯಾರಿಗೂ ಮೆದುಳು ಜ್ವರ ಎಂಬ ಮಾತು ಹೊಸದಲ್ಲ. ಆ ತಿಳಿವಳಿಕೆ ತಪ್ಪು ಎಂಬುದು ನಮಗೆ ಗೊತ್ತಾದದ್ದು ಬಳ್ಳಾರಿಯ ಒಂದು ಲಸಿಕೆ ಕೇಂದ್ರದಲ್ಲಿ. ಮಕ್ಕಳ ತಜ್ಞರೊಬ್ಬರು ನಡೆಸುವ ಆ ಕೇಂದ್ರದ ಹೆಸರಿಗಿಂತ ಅಲ್ಲಿ ಕೆಲಸ ನಡೆಯುವ ಬಗೆ ಮುಖ್ಯವೆನಿಸಿದ್ದರಿಂದ ಅದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಗೆ ಹೋಗುವ ಮೊದಲು ನಮ್ಮ ಊರಿನಲ್ಲೇ ಒಂದು ಮೆಡಿಕಲ್ ಶಾಪಿನಲ್ಲಿ ವಿಚಾರಿಸಿದ್ದೆವು. ಅವರು, ಬಳ್ಳಾರಿಯಿಂದ ಬಸ್ಸಿನಲ್ಲಿ ತರಿಸಿಕೊಡುತ್ತೇವೆ, ಐಸ್ ಹಾಕಿದ ಕ್ಯಾರಿಬ್ಯಾಗಿನಲ್ಲಿ ಬರುತ್ತದೆ, ಯಾರ ಹತ್ತಿರವಾದರೂ ಹಾಕಿಸಿಕೊಳ್ಳಿ ಎಂದರು. ಈ ಲಸಿಕೆಯನ್ನು ತಯಾರಾದಲ್ಲಿಂದ ತೋಳಿಗೆ ಇಳಿಯುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಲಿಗೆ ಸಿಕ್ಕರೆ ಕೆಡುವಂತೆಯೇ ಐಸಿಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಕೆಟ್ಟ ಲಸಿಕೆಯನ್ನು ಕಣ್ಣಿನಿಂದ ನೋಡಿ ಗುರುತಿಸಲಾಗದು ಎಂಬುದೇ ನನ್ನ ಹೆದರಿಕೆಯಾಗಿತ್ತು. ನಮ್ಮ ಕಡೆಯ ಬೇಸಿಗೆ ಎಂಥದ್ದೆಂದು ಓದುವವರಿಗೆ ನಾನು ಹೇಳಬೇಕಾಗಿಲ್ಲ. ದಯವಿಟ್ಟು ಯಾರೂ ಲಸಿಕೆಯನ್ನು ಹೀಗೆ ಕೈಚೀಲದಲ್ಲಿ ಹೊತ್ತು ತರಬೇಡಿ.

ಕೇಂದ್ರಕ್ಕೆ ಫೋನ್ ಮಾಡಿದಾಗ, ಈ ಲಸಿಕೆಗೆ ಬೇಡಿಕೆ ಕಡಿಮೆಯಾದ ಕಾರಣ ದಿನವೂ ಇಟ್ಟುಕೊಳ್ಳುವುದಿಲ್ಲ, ತರಿಸಿಕೊಡಲು 2 ದಿನ ಬೇಕು ಎಂದು ನೇರವಾಗಿ ಹೇಳಿದರು. ಹುಡುಗಿಯ ವಯಸ್ಸೆಷ್ಟು, ಹಿಂದೆ ಯಾವ ಲಸಿಕೆಯಿಂದಾದರೂ ತೀವ್ರ ಅಲರ್ಜಿ ಆಗಿತ್ತೇ, ಪ್ರಯಾಣ ಯಾವಾಗ ಎಂಬುದನ್ನು ಫೋನಿನಲ್ಲೇ ಕೇಳಿ ಬರೆದುಕೊಂಡರು. ಮುಂಗಡ ಹಣ ಕೇಳಲಿಲ್ಲ. ಹೇಳಿದ ದಿನ ಹೋದಾಗ ಲಸಿಕೆ ಬಂದು ಫ್ರಿಜ್ಜಿನಲ್ಲಿತ್ತು. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿ, ಬೆಳಿಗ್ಗೆ ಮತ್ತು ಸಂಜೆಯ ಉಷ್ಣಾಂಶವನ್ನು ಪೆನ್ನಿನಿಂದ ಬರೆದಿದ್ದರು. ಒಳಗೆ ನೀರಿನ ಬಾಟಲಿಯಾಗಲಿ ಊಟದ ಡಬ್ಬಿಯಾಗಲಿ ಇರಲಿಲ್ಲ. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಸಿಸ್ಟರ್ ಬೇಸರಪಡದೆ ಇನ್ವರ್ಟರ್ ಇಟ್ಟ ಜಾಗವನ್ನು ತೋರಿಸಿದರು.

ಮೆದುಳು ಜ್ವರದ ಸೂಜಿಯ ಮಾತು ಬಂದಾಗ ಅದೇ ಸಿಸ್ಟರ್ ನಕ್ಕು, "ಅದು ಬ್ಯಾರೆ, ಇದು ಬ್ಯಾರೆ ರೀ. ಹತ್ತು ಮಂದಿ ಬಂದ್ರ ಎಂಟು ಮಂದಿ ಹಿಂಗ ಕೇಳ್ತಾರ" ಎಂದು ಹೇಳಿ, ಒಂದು ಖಾಲಿ ಚೀಟಿಯ ಮೇಲೆ ತಲೆಯ ಚಿತ್ರ ಬರೆದು ವಿವರಿಸಿದರು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ಸರ್ಕಾರ ಹಾಕುವುದು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ. ಆ ರೋಗಕ್ಕೆ ಕಾರಣ ಒಂದು ವೈರಸ್. ಹಂದಿಗಳಲ್ಲಿ ಮತ್ತು ನೀರುಹಕ್ಕಿಗಳಲ್ಲಿ ಇರುವ ಆ ವೈರಸ್ಸನ್ನು ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮನುಷ್ಯರಿಗೆ ತರುತ್ತದೆ, ಮತ್ತು ಅದು ಕೆಡಿಸುವುದು ಮಿದುಳನ್ನೇ. ಮೆನಿಂಜೈಟಿಸ್ ಎಂದರೆ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಯ ಉರಿಯೂತ. ಅದಕ್ಕೆ ವೈರಸ್, ಬ್ಯಾಕ್ಟೀರಿಯಾ, ಕ್ಷಯದ ರೋಗಾಣು ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೊಳ್ಳೆಯಿಂದ ಬರುವುದಿಲ್ಲ. ಅದು ಆರೋಗ್ಯವಂತರ ಗಂಟಲಿನಲ್ಲೂ ಸುಮ್ಮನೆ ಕುಳಿತಿದ್ದು, ಒಂದೇ ಕೋಣೆಯಲ್ಲಿ ಬಹುಕಾಲ ಇರುವವರ ಉಸಿರಿನ ತುಂತುರು ಮತ್ತು ಎಂಜಲಿನ ಮೂಲಕ ಹರಡುತ್ತದೆ. ಹಾಸ್ಟೆಲ್ಲಿಗೂ ಈ ಲಸಿಕೆಗೂ ಏನು ಸಂಬಂಧ ಎಂಬ ನಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಎರಡು ರೋಗಗಳಿಗೂ ನಮ್ಮ ಜನ ಒಂದೇ ಹೆಸರು ಹಿಡಿದಿರುವುದರಿಂದ ಈ ಗೊಂದಲ. ಹೆಸರು ಒಂದೇ ಆದ ಮಾತ್ರಕ್ಕೆ ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ.

ನಮ್ಮ ಮುಂದೆ ಆರು ತಿಂಗಳ ಕೂಸನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ಕುಳಿತಿದ್ದರು. ನಮ್ಮ ಮಾತು ಕೇಳಿ ಅವರಿಗೆ ಗಾಬರಿಯಾಗಿ, ತಮ್ಮ ಕೂಸಿಗೂ ಈ ಸೂಜಿ ಇವತ್ತೇ ಹಾಕಿಬಿಡಿ ಎಂದು ಡಾಕ್ಟರರನ್ನು ಕೇಳಿದರು. ಡಾಕ್ಟರರು ತಾಯಿ ಕಾರ್ಡ್ ತರಿಸಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು: ಹುಟ್ಟಿದಾಗ ಹಾಕಿದ ಬಿಸಿಜಿ ಮಕ್ಕಳಲ್ಲಿ ಕ್ಷಯದಿಂದ ಬರುವ ಮೆನಿಂಜೈಟಿಸ್ ತಡೆಯಲು ನೆರವಾಗುತ್ತದೆ, 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲಿ ಮೆನಿಂಜೈಟಿಸ್ ತರಬಲ್ಲ ಹಿಬ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಸೇರಿದೆ, ಪಿಸಿವಿ ಅದೇ ರೋಗ ತರಬಲ್ಲ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ, ಅದರ ಮೂರನೆಯ ಡೋಸ್ 9 ತಿಂಗಳಿಗೆ ಬಾಕಿ ಇದೆ. "ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವಮ್ಮಾ, ಇವನ್ನು ತಪ್ಪಿಸಬೇಡಿ. ಈಗ ನಿಮ್ಮ ಕೂಸಿಗೆ ಬೇಕಾಗಿರುವುದು ಇದೇ" ಎಂದು ಹೇಳಿ ಕಳುಹಿಸಿದರು. ಮೆನಿಂಗೊಕಾಕಲ್ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಎಲ್ಲ ಮಕ್ಕಳಿಗೂ ಕೊಡುವಂಥದ್ದಲ್ಲ. ಗುಲ್ಮ (ಹೊಟ್ಟೆಯ ಎಡಭಾಗದಲ್ಲಿರುವ ಸ್ಪ್ಲೀನ್ ಎಂಬ ಅಂಗ) ತೆಗೆಸಿಕೊಂಡವರು, ರೋಗನಿರೋಧಕ ಶಕ್ತಿಯಲ್ಲಿ ಕೆಲವು ಬಗೆಯ ಕೊರತೆ ಇರುವವರು, ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳು, ಹಜ್ ಮತ್ತು ಉಮ್ರಾ ಯಾತ್ರಿಕರು ಮುಂತಾದವರಿಗೆ ಅದು ಬೇಕು. ಕೇಳಿದವರ ಕೈಗೆ ಸಾವಿರಾರು ರೂಪಾಯಿಯ ಸೂಜಿ ಮಾಡಿ ಕಳುಹಿಸುವುದು ಆ ಡಾಕ್ಟರರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದೇ ಈ ಕೇಂದ್ರವನ್ನು ನಾನು ನಂಬಲು ದೊಡ್ಡ ಕಾರಣ.

ಕುರುಗೋಡಿನಿಂದ ಬಂದಿದ್ದ ವಯಸ್ಸಾದ ದಂಪತಿ ಉಮ್ರಾಕ್ಕೆ ಹೊರಟವರು. ಸೌದಿ ಅರೇಬಿಯಾ ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಆಗಿರಬೇಕು ಎಂಬ ನಿಯಮವನ್ನು ಅವರಿಗೆ ಎರಡು ಸಲ ಹೇಳಿ, ಟಿಕೆಟ್ಟಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿ, ಆಮೇಲೆಯೇ ಸೂಜಿ ಮಾಡಿದರು.

ನಮ್ಮ ಸರದಿ ಬಂದಾಗ ಸಿಸ್ಟರ್ ಪೆಟ್ಟಿಗೆಯನ್ನು ನಮ್ಮ ಮುಂದೆಯೇ ಒಡೆದರು. ನಮಗೆ ಸಿಕ್ಕ ಲಸಿಕೆ ಎರಡು ಪುಟ್ಟ ಶೀಶೆಗಳಲ್ಲಿ ಬರುವಂಥದ್ದು, ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ. ಮುಗಿಯುವ ದಿನಾಂಕವನ್ನು ಹುಡುಗಿಯ ಬಾಯಿಂದಲೇ ಓದಿಸಿ, ದ್ರವವನ್ನು ಪುಡಿಯ ಶೀಶೆಗೆ ಸೇರಿಸಿ, ಕರಗುವವರೆಗೆ ಅಲುಗಿಸಿ, ಬೆಳಕಿಗೆ ಹಿಡಿದು ತಿಳಿಯಾಗಿದೆಯೇ ಎಂದು ನೋಡಿದ ಮೇಲೆ ಎಡ ತೋಳಿಗೆ ಹಾಕಿದರು. ಶೀಶೆಯ ಬ್ಯಾಚ್ ಸಂಖ್ಯೆಯನ್ನು ಕಾರ್ಡಿನಲ್ಲೂ ತಮ್ಮ ಪುಸ್ತಕದಲ್ಲೂ ಬರೆದರು. ಹರೆಯದವರಿಗೆ ಸೂಜಿಯಾದ ಮೇಲೆ ಕೆಲವೊಮ್ಮೆ ತಲೆಸುತ್ತು ಬರುತ್ತದೆ, ಅಪರೂಪಕ್ಕೆ ಅಲರ್ಜಿ ಕಾಣಿಸಬಹುದು ಎಂದು ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು.

ಆ ಅರ್ಧ ಗಂಟೆಯಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆ ಇಲ್ಲ. ಈ ಲಸಿಕೆ ಮೆನಿಂಗೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಗುಂಪುಗಳಿಗೆ ಮಾತ್ರ, ಬಿ ಗುಂಪಿಗೆ ಅಲ್ಲ. ಆದ್ದರಿಂದ ಲಸಿಕೆ ಆಗಿದೆ ಎಂದು ಜ್ವರವನ್ನು ಕಡೆಗಣಿಸಬಾರದು. ತೋಳು ನೋಯುವುದು, ಕೆಂಪಾಗುವುದು, ಸುಸ್ತು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಲಸಿಕೆಯಿಂದಲೇ ಮೆನಿಂಜೈಟಿಸ್ ಬಂದೀತೇ ಎಂದು ತಂಗಿ ಅಳುಕುತ್ತಲೇ ಕೇಳಿದ್ದಕ್ಕೆ, ಇದರಲ್ಲಿ ಜೀವಂತ ರೋಗಾಣು ಇಲ್ಲ, ಅದರ ಹೊರಕವಚದ ಸಕ್ಕರೆಯಂಥ ಅಂಶವನ್ನು ಒಂದು ಪ್ರೋಟೀನಿಗೆ ಜೋಡಿಸಿ ಮಾಡಿದ್ದು, ಹಾಗಾಗಿ ಬರಲು ಸಾಧ್ಯವೇ ಇಲ್ಲ ಎಂದರು. ರೋಗದ ಲಕ್ಷಣಗಳನ್ನಂತೂ ಹುಡುಗಿಯಿಂದ ಮರುಹೇಳಿಸಿದರು: ಏಕಾಏಕಿ ಜೋರು ಜ್ವರ, ತಡೆಯಲಾಗದ ತಲೆನೋವು, ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಬಿಗಿದ ಕುತ್ತಿಗೆ, ವಾಂತಿ, ಬೆಳಕು ನೋಡಲಾಗದಿರುವುದು, ಮಂಪರು, ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಮಾಸದ ಚರ್ಮದ ಮೇಲಿನ ಕಲೆಗಳು. ಕೂಸುಗಳಲ್ಲಿ ಹಾಲು ಕುಡಿಯದಿರುವುದು, ನೆತ್ತಿ ಉಬ್ಬುವುದು. ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ ಬಂದ ಸುಮಾರು 6 ಜನರಲ್ಲಿ ಒಬ್ಬರು ಸಾಯುತ್ತಾರೆ, ಕೆಲವರ ಪ್ರಾಣ 24 ಗಂಟೆಯೊಳಗೆ ಹೋಗುತ್ತದೆ, ಉಳಿದವರಲ್ಲೂ ಕಿವುಡುತನದಂಥ ಊನ ಉಳಿಯಬಹುದು. ಈ ಲಕ್ಷಣಗಳು ಕಂಡರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಡಾಕ್ಟರರು ಗಟ್ಟಿಯಾಗಿ ಹೇಳಿದರು.

ಕೊರತೆಗಳೂ ಇವೆ. ಸಮಯ ಕೊಟ್ಟು ಕರೆದಿದ್ದರೂ ಒಂದೂವರೆ ಗಂಟೆ ಕಾಯಿಸಿದರು. ಟೋಕನ್ ಪದ್ಧತಿ ಇಲ್ಲದ್ದರಿಂದ ತಡವಾಗಿ ಬಂದವರು ಮುಂದೆ ಹೋದರು. ಕೇಂದ್ರ ಮೊದಲ ಮಹಡಿಯಲ್ಲಿದ್ದು, ಲಿಫ್ಟ್ ಇಲ್ಲದ ಕಾರಣ ಕುರುಗೋಡಿನ ಆ ಹಿರಿಯರು ಮೆಟ್ಟಿಲ ನಡುವೆ ಎರಡು ಕಡೆ ಕುಳಿತು ಹತ್ತಬೇಕಾಯಿತು. ಲಸಿಕೆಗೆ ಪೆಟ್ಟಿಗೆಯ ಮೇಲಿನ ಬೆಲೆಯನ್ನೇ ಹಾಕಿ ಬಿಲ್ ಕೊಟ್ಟರಾದರೂ ಸಲಹೆ ಮತ್ತು ಸೂಜಿಯ ಶುಲ್ಕವನ್ನು ಫೋನಿನಲ್ಲೇ ಹೇಳಬಹುದಿತ್ತು. ನನಗೆ ಹೆಚ್ಚು ನೋವು ಕೊಟ್ಟದ್ದು ಬೇರೆ: ಬಾಯಿಮಾತಿನಲ್ಲಿ ಇಷ್ಟು ಚೆನ್ನಾಗಿ ಹೇಳುವವರು ಮನೆಗೆ ಕೊಟ್ಟುಕಳುಹಿಸುವ ಹಾಳೆ ಮಾತ್ರ ಇಡೀ ಇಂಗ್ಲಿಷಿನಲ್ಲಿದೆ. ಕೂಸಿನ ಆ ತಾಯಿಗಾಗಲಿ, ನನ್ನ ತಂಗಿಗಾಗಲಿ ಅದರಿಂದ ಏನೂ ಉಪಯೋಗವಿಲ್ಲ. ಡಾಕ್ಟರರಿಗೆ ಇದನ್ನು ಹೇಳಿದಾಗ ಅವರು ಒಪ್ಪಿಕೊಂಡು, ನೀವೇ ಕನ್ನಡದಲ್ಲಿ ಬರೆದುಕೊಡಿ, ನಾನು ತಿದ್ದಿ ಅಚ್ಚು ಹಾಕಿಸುತ್ತೇನೆ ಎಂದರು. ಎರಡು ಪುಟ ಬರೆದು ಕಳುಹಿಸಿದ್ದೇನೆ. ಅದರ ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಲು ಕೇಳಿಕೊಂಡಿದ್ದೇನೆ: ಅಂಗನವಾಡಿಯಲ್ಲಿ ಹಾಕಿದ ಮೆದುಳು ಜ್ವರದ ಸೂಜಿ ಇದಲ್ಲ.

ಹೋಗುವವರು ಮೊದಲೇ ಫೋನ್ ಮಾಡಿ, ಹಳೆಯ ಲಸಿಕೆ ಕಾರ್ಡ್ ಎಷ್ಟೇ ಹರಿದಿದ್ದರೂ ಜೊತೆಗೆ ಒಯ್ಯಿರಿ. ಹುಡುಗಿಯ ತೋಳಿನ ನೋವು ಎರಡನೆಯ ದಿನಕ್ಕೆ ಕಡಿಮೆಯಾಯಿತು, ನಮೂನೆಯ ಆ ಖಾಲಿ ಜಾಗದಲ್ಲಿ ಈಗ ದಿನಾಂಕವೂ ಮೊಹರೂ ಇವೆ.