ಸೆವಿಲ್ಲೆಯಲ್ಲಿ ಸರದಿಯಿಲ್ಲದ ಬಾಗಿಲುಗಳು

ಸ್ಪೇನಿನ ದಕ್ಷಿಣದಲ್ಲಿರುವ ಸೆವಿಲ್ಲೆ ನಗರಕ್ಕೆ ಬರುವ ಹೆಚ್ಚಿನವರ ಸಮಯ ಎರಡು ಸರದಿ ಸಾಲುಗಳಲ್ಲಿಯೇ ಕಳೆದುಹೋಗುತ್ತದೆ. ಒಂದು ಕ್ಯಾಥೆಡ್ರಲಿನದು, ಇನ್ನೊಂದು ಅಲ್ಕಾಸರ್ ಅರಮನೆಯದು. ಎರಡನ್ನೂ ನೋಡಲೇಬೇಕು, ಅದರಲ್ಲಿ ಸಂಶಯವಿಲ್ಲ. ನಾನು ಅವೆರಡನ್ನೂ ಮೊದಲ ದಿನವೇ ಮುಗಿಸಿ, ಉಳಿದ ನಾಲ್ಕು ದಿನ ಹಳೆಯ ಮನೆಗಳು, ಒಂದು ಆಸ್ಪತ್ರೆ, ಒಂದು ದಾಖಲೆಗಳ ಭಂಡಾರ ಮತ್ತು ಕುಂಬಾರರ ಆವಿಗೆಗಳನ್ನು ನೋಡುತ್ತ ಅಲೆದೆ. ಹಾಗೆ ನೋಡುವಾಗ ಎಲ್ಲ ಕಡೆಯೂ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆಯಿತ್ತು: ಕಣ್ಣ ಮುಂದಿರುವ ವಸ್ತು ತಾನು ಯಾವ ಗೋಡೆಗಾಗಿ, ಯಾವ ನೆಲಕ್ಕಾಗಿ ಹುಟ್ಟಿತೋ ಅಲ್ಲಿಯೇ ಉಳಿದಿದೆಯೇ? ಮುಂದೆ ಬರುವ ನನ್ನ ಅಭಿಪ್ರಾಯಗಳೆಲ್ಲ ಈ ಪ್ರಶ್ನೆಯನ್ನೇ ಆಧರಿಸಿವೆ.

ಎಲ್ಲಕ್ಕಿಂತ ಮೇಲಾಗಿ ನಾನು ಶಿಫಾರಸು ಮಾಡುವುದು ಲಾ ಕಾರಿದಾದ್ ಆಸ್ಪತ್ರೆಯನ್ನು. ಗ್ವಾದಲ್ಕಿವೀರ್ ನದಿಯಿಂದ ಸ್ವಲ್ಪವೇ ದೂರದಲ್ಲಿ, ಹತ್ತನೆಯ ಅಲ್ಫೋನ್ಸೋ ದೊರೆ 1252ರಲ್ಲಿ ಕಟ್ಟಿಸಿದ ಹಡಗು ಕಟ್ಟುವ ಅಂಗಳದ ಜಾಗದಲ್ಲಿ ಇದು ನಿಂತಿದೆ. ಗಲ್ಲಿಗೇರಿದವರ, ನದಿಯಲ್ಲಿ ಮುಳುಗಿದವರ, ದಿಕ್ಕಿಲ್ಲದೆ ಸತ್ತವರ ಶವಗಳನ್ನು ಹೂಳುವುದೇ ಇಲ್ಲಿನ ಧರ್ಮಸಂಘದ ಮೂಲ ಕೆಲಸವಾಗಿತ್ತು. 1663ರಲ್ಲಿ ಸಂಘದ ಹಿರಿಯನಾದ ಮಿಗೆಲ್ ಮಾನ್ಯಾರಾ ಎಂಬ ಶ್ರೀಮಂತ ಇದಕ್ಕೆ ಬಡರೋಗಿಗಳ ಆಸ್ಪತ್ರೆಯನ್ನು ಸೇರಿಸಿದ. ಅಲ್ಲಿನ ಚಿಕ್ಕ ಇಗರ್ಜಿಯನ್ನು ಅಲಂಕರಿಸಲು ನಗರದ ಅತ್ಯುತ್ತಮ ಕಲಾವಿದರನ್ನೇ ಕರೆಸಿದ. ಇಂದಿಗೂ ಈ ಕಟ್ಟಡದಲ್ಲಿ ಬಡ ವೃದ್ಧರು ಆಶ್ರಯ ಪಡೆದಿದ್ದಾರೆ, ಆದ್ದರಿಂದ ಅಂಗಳದಲ್ಲಿ ದನಿ ತಗ್ಗಿಸಿ ಮಾತನಾಡುವುದು ನೋಡಲು ಬಂದವರ ಕರ್ತವ್ಯ.

ಇಗರ್ಜಿಯೊಳಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ, ಎಡಬಲಗಳಲ್ಲಿ ಎದುರುಬದುರಾಗಿ, ಹ್ವಾನ್ ದೆ ವಾಲ್ದೇಸ್ ಲೆಯಾಲ್ 1672ರ ಸುಮಾರಿಗೆ ಬರೆದ ಎರಡು ಚಿತ್ರಗಳಿವೆ. ಒಂದರಲ್ಲಿ ಅಸ್ಥಿಪಂಜರವೊಂದು ಕಂಕುಳಲ್ಲಿ ಶವಪೆಟ್ಟಿಗೆ ಇಟ್ಟುಕೊಂಡು, ಭೂಗೋಳದ ಮೇಲೆ ಕಾಲೂರಿ, ಉರಿಯುತ್ತಿರುವ ಮೇಣದಬತ್ತಿಯನ್ನು ಕೈಯಿಂದ ನಂದಿಸುತ್ತಿದೆ. ಕೆಳಗೆ ಕಿರೀಟ, ಕತ್ತಿ, ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿವೆ. ಇನ್ನೊಂದರಲ್ಲಿ ಬಿಷಪ್ ಒಬ್ಬನೂ ವೀರನೊಬ್ಬನೂ ತೆರೆದ ಪೆಟ್ಟಿಗೆಗಳಲ್ಲಿ ಕೊಳೆಯುತ್ತಿದ್ದಾರೆ. ಅವರ ಮೇಲೆ, ಮೊಳೆಯ ಗಾಯವಿರುವ ಕೈಯೊಂದು ತಕ್ಕಡಿ ಹಿಡಿದಿದೆ. ಪುಸ್ತಕದಲ್ಲಿ ಅಚ್ಚಾದಾಗ ಇವು ಭಯ ಹುಟ್ಟಿಸುವ ಚಿತ್ರಗಳಷ್ಟೇ. ಇಲ್ಲಿ ನಿಂತು ನೋಡಿದಾಗ ಅವು ಒಂದು ದೀರ್ಘ ವಾಕ್ಯದ ಮೊದಲ ಪದಗಳೆಂದು ತಿಳಿಯುತ್ತದೆ. ಏಕೆಂದರೆ ಸಾವನ್ನು ದಾಟಿ ಮುಂದೆ ನಡೆದರೆ ಎರಡು ಬದಿಯ ಗೋಡೆಗಳ ಮೇಲೆ ಸೆವಿಲ್ಲೆಯ ಚಿತ್ರಕಾರ ಮುರಿಯೋ ಬರೆದ, ದಯೆಯ ಆರು ಕಾರ್ಯಗಳ ಚಿತ್ರಸರಣಿ ಬರುತ್ತದೆ: ಬಾಯಾರಿದವರಿಗೆ ನೀರು ಕೊಡುವುದಕ್ಕೆ ಬಂಡೆಯಿಂದ ನೀರು ಚಿಮ್ಮಿಸುವ ಮೋಶೆ, ಹಸಿದವರಿಗೆ ಉಣಿಸುವುದಕ್ಕೆ ಐದು ರೊಟ್ಟಿಗಳ ಪವಾಡ, ಬಟ್ಟೆಯಿಲ್ಲದವರಿಗೆ ಉಡಿಸುವುದಕ್ಕೆ ಮನೆಗೆ ಮರಳಿದ ದುಂದುಗಾರ ಮಗ, ಅಪರಿಚಿತರಿಗೆ ಆಶ್ರಯ ಕೊಡುವುದಕ್ಕೆ ಅಬ್ರಹಾಮ ಮತ್ತು ಮೂವರು ದೇವದೂತರು, ರೋಗಿಯ ಆರೈಕೆಗೆ ಪಾರ್ಶ್ವವಾಯು ಪೀಡಿತನ ಗುಣವಾಗುವಿಕೆ, ಸೆರೆಯಾಳಿನ ಬಿಡುಗಡೆಗೆ ಸಂತ ಪೇತ್ರ. ಏಳನೆಯದಾದ ಸತ್ತವರನ್ನು ಹೂಳುವ ಕಾರ್ಯ, ಅಂದರೆ ಸಂಘದ ಸ್ವಂತ ಕಾರ್ಯ, ಪೀಠದ ನಡುವೆ ಪೆದ್ರೋ ರೊಲ್ದಾನ್ ಕೆತ್ತಿದ ಕ್ರಿಸ್ತನ ಸಮಾಧಿಯ ಶಿಲ್ಪಸಮೂಹವಾಗಿ ನಿಂತಿದೆ. ಬಾಗಿಲಿನಿಂದ ಪೀಠದವರೆಗಿನ ನಡಿಗೆಯೇ ಇಲ್ಲಿ ಉಪದೇಶ.

ದುಃಖದ ಸಂಗತಿಯೆಂದರೆ ಈ ವಾಕ್ಯದ ನಾಲ್ಕು ಪದಗಳು ಕಿತ್ತುಹೋಗಿವೆ. ನೆಪೋಲಿಯನ್ನನ ಸೇನೆ ನಗರವನ್ನು ಹಿಡಿದಾಗ ಮಾರ್ಷಲ್ ಸೂಲ್ಟ್ ಹೊತ್ತೊಯ್ದ ಮುರಿಯೋ ಚಿತ್ರಗಳಲ್ಲಿ ದುಂದುಗಾರ ಮಗ ವಾಷಿಂಗ್ಟನ್ನಿನಲ್ಲಿ, ಅಬ್ರಹಾಮ ಒಟ್ಟಾವಾದಲ್ಲಿ, ಪಾರ್ಶ್ವವಾಯು ಪೀಡಿತ ಲಂಡನ್ನಿನಲ್ಲಿ, ಸಂತ ಪೇತ್ರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇದ್ದಾರೆ. ಇಲ್ಲಿ ಅವುಗಳ ಜಾಗದಲ್ಲಿ ನಕಲುಗಳನ್ನು ತೂಗುಹಾಕಿದ್ದಾರೆ. ನಕಲು ಎಂದು ಮೂಗು ಮುರಿಯುವ ಅಗತ್ಯವಿಲ್ಲ, ಖಾಲಿ ಗೋಡೆಗಿಂತ ಅದು ಎಷ್ಟೋ ಮೇಲು. ಸರಣಿಯ ಅರ್ಥವನ್ನಾದರೂ ಅದು ಕಾಪಾಡಿದೆ. ಮೋಶೆ ಮತ್ತು ರೊಟ್ಟಿಗಳ ಚಿತ್ರಗಳು ಮಾತ್ರ ಮೂಲದವು. ಇವು ಗೋಡೆಯಲ್ಲಿ ಬಹಳ ಎತ್ತರದಲ್ಲಿವೆ, ಸಾಧ್ಯವಾದರೆ ಚಿಕ್ಕ ದುರ್ಬೀನು ಒಯ್ಯಿರಿ.

ನನ್ನ ಶಿಫಾರಸಿನಲ್ಲಿ ಇದರ ನಂತರದ ಸ್ಥಾನ ಕಾಸಾ ದೆ ಪಿಲಾತೋಸ್ ಎಂಬ ಹಳೆಯ ಮನೆಯದು. 1483ರಲ್ಲಿ ಆರಂಭವಾದ ಈ ಮನೆಗೆ ಈಗಿನ ರೂಪ ಕೊಟ್ಟವನು ಫದ್ರೀಕೆ ಎನ್ರೀಕೆಸ್ ದೆ ರಿಬೇರಾ. 1518ರಲ್ಲಿ ಜೆರುಸಲೇಮಿಗೆ ಯಾತ್ರೆ ಹೊರಟು, ಇಟಲಿಯನ್ನೂ ಕಂಡು, 1520ರಲ್ಲಿ ಮರಳಿದ ಆತನ ಕಣ್ಣಿನಲ್ಲಿ ಇಟಲಿಯ ಅಮೃತಶಿಲೆ ತುಂಬಿತ್ತು. ಕೈಗೆ ಸಿಕ್ಕ ಕುಶಲಕರ್ಮಿಗಳಿಗೋ ಮುಸ್ಲಿಂ ಆಳ್ವಿಕೆಯ ಕಾಲದಿಂದ ಬಂದ ಗಾರೆ ಕೆಲಸ ಮತ್ತು ಮರದ ಮಾಡಿನ ಕೌಶಲ ಗೊತ್ತಿತ್ತು. ಹೀಗಾಗಿ ಅಂಗಳದಲ್ಲಿ ಜಿನೋವಾದಿಂದ ಬಂದ ಕಾರಂಜಿಯ ಸುತ್ತ ರೋಮನ್ ಚಕ್ರವರ್ತಿಗಳ ಅರೆಮೂರ್ತಿಗಳು, ಅವುಗಳ ಹಿಂದೆಯೇ ಅಸುಲೇಹೋ ಎಂದು ಕರೆಯುವ ಮೆರುಗಿನ ಬಿಲ್ಲೆಗಳ ಗೋಡೆಗಳು. ಒಂದು ಗೋಡೆಯ ವಿನ್ಯಾಸ ಪಕ್ಕದ ಗೋಡೆಯಲ್ಲಿ ಮರುಕಳಿಸುವುದಿಲ್ಲ. ನಾನು ಇಲ್ಲಿ ಎರಡು ಗಂಟೆ ಇದ್ದೆ. ಬಿಸಿಲು ಸರಿದಂತೆ ಬಿಲ್ಲೆಗಳ ಹಸಿರು ನೀಲಿಯಾಗಿ, ಕಂದು ಚಿನ್ನದ ಬಣ್ಣಕ್ಕೆ ತಿರುಗುವುದನ್ನು ನೋಡುವುದಕ್ಕೇ ಅದರಲ್ಲಿ ಅರ್ಧ ಸಮಯ ಹೋಯಿತು. ಮೇಲಂತಸ್ತನ್ನು ಮಾರ್ಗದರ್ಶಿಯೊಂದಿಗೆ ಮಾತ್ರ ನೋಡಬಹುದು. ಕಾಲಾವಕಾಶ ಕಡಿಮೆಯಿದ್ದರೆ ಕೆಳಗಿನ ಅಂತಸ್ತು ಮತ್ತು ತೋಟಗಳೇ ಸಾಕು.

ಲೆಬ್ರಿಹಾ ಕೌಂಟೆಸ್ ಅರಮನೆಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಎರಡಾಗಿದೆ. ಕೌಂಟೆಸ್ ರೆಗ್ಲಾ ಮಾಂಹೋನ್ 1901ರಲ್ಲಿ ಈ ಮನೆಯನ್ನು ಕೊಂಡು, ನಗರದ ಹೊರಗಿನ ಇತಾಲಿಕಾ ಎಂಬ ಪ್ರಾಚೀನ ರೋಮನ್ ಪಟ್ಟಣದ ಮೊಸಾಯಿಕ್ ನೆಲಗಳನ್ನು ತಂದು ಕೋಣೆ ಕೋಣೆಗೂ ಹಾಸಿಸಿದಳು. ಅವು ಕೂರುವಂತೆ ಕೋಣೆಗಳ ಅಳತೆಯನ್ನೇ ಬದಲಾಯಿಸಿದಳು. ನಡುವಿನ ಅಂಗಳದ ದೊಡ್ಡ ಮೊಸಾಯಿಕ್, ಮೂಲೆಗಳಲ್ಲಿ ನಾಲ್ಕು ಋತುಗಳನ್ನೂ ಒಳಗೆ ಗ್ರೀಕರ ಜ್ಯೂಸ್ ದೇವನ ಪ್ರೇಮಕಥೆಗಳನ್ನೂ ಹೊತ್ತು, ಉಸಿರು ಬಿಗಿಹಿಡಿಯುವಷ್ಟು ಸುಂದರವಾಗಿದೆ. ಟ್ರಾಜನ್ ಚಕ್ರವರ್ತಿ ಹುಟ್ಟಿದ ಊರಿನ ನೆಲವನ್ನು ಒಬ್ಬಾಕೆ ತನ್ನ ಮನೆಗೆ ಹಾಸಿಕೊಂಡದ್ದನ್ನು ಇಂದಿನ ಪುರಾತತ್ವಜ್ಞರು ಒಪ್ಪುವುದಿಲ್ಲ. ಆದರೆ ಆ ಕಾಲದಲ್ಲಿ ಇತಾಲಿಕಾದ ಕಲ್ಲುಗಳು ಯಾರ್ಯಾರ ಕೈಗೋ ಸೇರಿ ಚದುರಿಹೋಗುತ್ತಿದ್ದವು; ಆಕೆ ಉಳಿಸಿದ್ದೂ ನಿಜ, ಕಿತ್ತದ್ದೂ ನಿಜ. ಇಲ್ಲಿಗೆ ಹೋಗುವವರು ಇತಾಲಿಕಾವನ್ನೂ ನೋಡಿ ಬರುವುದು ಒಳ್ಳೆಯದು. ಅಲ್ಲಿ ಆಕಾಶದ ಕೆಳಗೆ, ಮೂಲ ಜಾಗದಲ್ಲೇ ಇರುವ ಮೊಸಾಯಿಕ್‌ಗಳನ್ನು ಕಂಡ ಮೇಲೆ ಈ ಮನೆಯ ನೆಲಗಳ ತೂಕ ಬೇರೆಯೇ ಆಗುತ್ತದೆ.

ಕ್ಯಾಥೆಡ್ರಲ್ ಮತ್ತು ಅಲ್ಕಾಸರ್‌ಗಳ ನಡುವೆಯೇ ಇದ್ದರೂ ಜನ ದಾಟಿಹೋಗುವ ಕಟ್ಟಡವೊಂದಿದೆ, ಇಂಡೀಸ್ ದಾಖಲೆಗಳ ಭಂಡಾರ. ಹ್ವಾನ್ ದೆ ಎರೇರಾ ವಿನ್ಯಾಸ ಮಾಡಿದ ಈ ವರ್ತಕರ ಭವನದಲ್ಲಿ, ಮೂರನೆಯ ಕಾರ್ಲೋಸ್ ದೊರೆಯ ಆಜ್ಞೆಯಂತೆ 1785ರಲ್ಲಿ ಅಮೆರಿಕ ಮತ್ತು ಫಿಲಿಪೀನ್ಸ್ ವಸಾಹತುಗಳ ಕಾಗದಪತ್ರಗಳನ್ನೆಲ್ಲ ಒಂದೆಡೆ ಸೇರಿಸಿದರು. ಸುಮಾರು 43,000 ಕಡತಗಳು, ಎಂಟು ಕೋಟಿ ಪುಟಗಳು. ಕೊಲಂಬಸ್ ಹುಡುಕಿಹೊರಟ ದೇಶದ ಹೆಸರನ್ನು ಅವನು ತಲುಪಿದ ದೇಶಗಳ ಕಾಗದಗಳು ಇಂದಿಗೂ ಹೊತ್ತಿರುವುದನ್ನು ಹೆಬ್ಬಾಗಿಲಿನಲ್ಲಿ ಓದಿದಾಗ ಭಾರತೀಯನಾದ ನನ್ನ ಕಾಲು ಒಂದು ಕ್ಷಣ ನಿಂತಿತು. ಪ್ರವೇಶ ಉಚಿತ. ಸಂಶೋಧಕರು ಓದುವುದು ಬೀದಿಯಾಚೆಯ ಇನ್ನೊಂದು ಕಟ್ಟಡದಲ್ಲಿ; ಇಲ್ಲಿ ನೋಡಲು ಸಿಗುವುದು ಮೆಟ್ಟಿಲುಗಳ ಭವ್ಯತೆ, ಉದ್ದನೆಯ ಮರದ ಕಪಾಟುಗಳ ಸಾಲು, ಕೆಲವು ಪ್ರದರ್ಶನಗಳು. ಅರ್ಧ ಗಂಟೆ ಸಾಕು.

ಸಾನ್ ಲೂಯಿಸ್ ಇಗರ್ಜಿಗೆ ಮಕರೇನಾ ಕಡೆಯ ಬೀದಿಯಲ್ಲಿ ನಡೆದೇ ಹೋಗಬೇಕು. ಯೇಸುಸಂಘದವರಿಗಾಗಿ 1699ರಿಂದ 1731ರವರೆಗೆ ಲಿಯೊನಾರ್ದೋ ದೆ ಫಿಗೆರೋವಾ ಕಟ್ಟಿದ ಇದರ ಗುಮ್ಮಟದ ಚಿತ್ರಗಳು ಲೂಕಾಸ್ ವಾಲ್ದೇಸ್‌ನವು. ಕಾರಿದಾದ್‌ನಲ್ಲಿ ಸಾವನ್ನು ಬರೆದವನ ಮಗ ಈತ. ತಂದೆಯ ಕತ್ತಲೆಯನ್ನು ನೋಡಿದ ಮರುದಿನ ಮಗನ ಬೆಳಕನ್ನು ನೋಡಿದರೆ ಎರಡೂ ಮನಸ್ಸಿನಲ್ಲಿ ನಿಲ್ಲುತ್ತವೆ.

ಲಲಿತಕಲಾ ವಸ್ತುಸಂಗ್ರಹಾಲಯ ಸ್ಪೇನಿನ ಶ್ರೇಷ್ಠ ಚಿತ್ರಸಂಗ್ರಹಗಳಲ್ಲಿ ಒಂದು. ಐರೋಪ್ಯ ಒಕ್ಕೂಟದ ನಾಗರಿಕರಿಗೆ ಉಚಿತ. ನಾನು ಹೋದಾಗ ನಮ್ಮಂಥವರಿಗೆ ಕೇವಲ 1.50 ಯೂರೋ. ಸೋಮವಾರ ರಜೆ. ಮಠಗಳ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡ ಕಾಲದಲ್ಲಿ, 1835ರಲ್ಲಿ ಸ್ಥಾಪನೆಯಾದ್ದರಿಂದ ಇಲ್ಲಿನ ಬಹುಪಾಲು ಚಿತ್ರಗಳು ಮನೆ ಬಿಟ್ಟು ಬಂದವು. ಆದರೂ ಹಳೆಯ ಮಠದ ಇಗರ್ಜಿಯಲ್ಲೇ ಮುರಿಯೋ ಚಿತ್ರಗಳನ್ನು ಇಟ್ಟಿರುವುದರಿಂದ ಅವು ಪರದೇಶಿಗಳಂತೆ ಕಾಣುವುದಿಲ್ಲ.

ಒಂದು ದೂರನ್ನೂ ಹೇಳಬೇಕು. ನಾನು ನೋಡಿದ ಹಳೆಯ ಮನೆಯೊಂದರಲ್ಲಿ ಮಾರ್ಗದರ್ಶಿ ಇಪ್ಪತ್ತು ಜನರನ್ನು ಆರು ಕೋಣೆಗಳ ಮೂಲಕ ಕಾಲು ಗಂಟೆಯಲ್ಲಿ ದಾಟಿಸಿದರು. ಮಾಡಿನ ಮರಗೆಲಸವನ್ನು ನೋಡಲು ತಲೆಯೆತ್ತಿ ನಿಂತ ವೃದ್ಧೆಯೊಬ್ಬರನ್ನು ಮುಂದೆ ನಡೆಯಿರೆಂದು ಎರಡು ಸಲ ಎಚ್ಚರಿಸಿದರು. ಹಣ ಕೊಟ್ಟು ಬಂದವರಿಗೆ ಇದು ಸಲ್ಲದು. ಸಾಧ್ಯವಿದ್ದಲ್ಲೆಲ್ಲ ನಿಮ್ಮ ಪಾಡಿಗೆ ಸುತ್ತಾಡುವ ಚೀಟಿಯನ್ನೇ ಕೊಳ್ಳಿರಿ.

ಕೊನೆಯ ಮಧ್ಯಾಹ್ನವನ್ನು ನದಿಯಾಚೆಯ ತ್ರಿಯಾನಾದ ಕುಂಬಾರಿಕೆ ಕೇಂದ್ರಕ್ಕೆ ಮೀಸಲಿಡಿ. ಹಳೆಯ ಸಾಂತಾ ಆನಾ ಕಾರ್ಖಾನೆಯನ್ನು ಹಾಗೆಯೇ ಉಳಿಸಿಕೊಂಡು 2014ರಲ್ಲಿ ತೆರೆದ ಈ ಪುಟ್ಟ ಸಂಗ್ರಹಾಲಯದಲ್ಲಿ ಇಟ್ಟಿಗೆಯ ಆವಿಗೆಗಳು ಇದ್ದಲ್ಲಿಯೇ ಇವೆ. ಅವುಗಳ ಬಾಯಿಗೆ ತಲೆಯೊಡ್ಡಿ ನೋಡಿದರೆ ಒಳಗೋಡೆಯ ಮೇಲೆ ಬೆಂಕಿಯ ಕಪ್ಪು ಇನ್ನೂ ಕಾಣುತ್ತದೆ. ನಾಲ್ಕು ದಿನ ಊರ ತುಂಬ ನೋಡಿದ ಬಿಲ್ಲೆಗಳು ಇಂಥ ಆವಿಗೆಗಳಲ್ಲೇ ಬೆಂದವು.