ಕೀಮೋ ವಾಂತಿಗೆ ಅಪ್ರೆಪಿಟಂಟ್: ಬದಲಿ ಮಾತ್ರೆಗೆ ಒಪ್ಪಬೇಡಿ

ಕೀಮೋಥೆರಪಿಯ ಚೀಟಿಯಲ್ಲಿ ವೈದ್ಯರು ಅಪ್ರೆಪಿಟಂಟ್ ಬರೆದಿದ್ದರೆ ಅದನ್ನೇ ಹುಡುಕಿ ಕೊಳ್ಳಿ. ಸ್ತನ ಕ್ಯಾನ್ಸರಿಗೆ ಮೈಸೂರಿನಲ್ಲಿ ಚಿಕಿತ್ಸೆ ಪಡೆದು ಪ್ರತಿ ಸಲವೂ ಸುಂಟಿಕೊಪ್ಪದ ಮನೆಗೆ ಮರಳುತ್ತಿದ್ದ ನಾನು ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಇದು ಮೂರು ಕ್ಯಾಪ್ಸೂಲ್‌ಗಳ ಪೊಟ್ಟಣ. 125 ಮಿಲಿಗ್ರಾಂನದನ್ನು ಕೀಮೋ ಶುರುವಾಗುವ ಒಂದು ಗಂಟೆ ಮೊದಲು ನುಂಗಬೇಕು. ಉಳಿದೆರಡು 80 ಮಿಲಿಗ್ರಾಂನವು, ಮುಂದಿನ ಎರಡು ದಿನ ಒಂದೊಂದು. ನನಗೆ ಕೊಡುತ್ತಿದ್ದುದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್. ಮೊದಲನೆಯದರ ಬಣ್ಣ ಕೆಂಪು, ಹಾಗಾಗಿ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು ಕೆಂಪು ಔಷಧ. ಅತಿ ಹೆಚ್ಚು ವಾಂತಿ ತರಿಸುವ ಜೋಡಿಗಳಲ್ಲಿ ಇದೂ ಒಂದು.

ಮೊದಲ ಸಲ ಊರ ಕಡೆಯ ಔಷಧಿ ಅಂಗಡಿಯೊಂದರಲ್ಲಿ ಈ ಪೊಟ್ಟಣ ಇರಲಿಲ್ಲ. 'ಇದೂ ವಾಂತಿ ಮಾತ್ರೆಯೇ ಅಕ್ಕ, ಕೆಲಸ ಒಂದೇ' ಎಂದು ಒಂಡಾನ್ಸೆಟ್ರಾನ್ ಕೊಟ್ಟರು. ಕೆಲಸ ಒಂದೇ ಅಲ್ಲ. ಕೀಮೋ ಔಷಧ ಒಳಗೆ ಹೋದಾಗ ಕರುಳಿನ ಕೋಶಗಳು ಸೆರೊಟೋನಿನ್ ಬಿಡುಗಡೆ ಮಾಡುತ್ತವೆ. ಮೊದಲ 24 ಗಂಟೆಗಳ ವಾಂತಿಗೆ ಅದೇ ಮುಖ್ಯ ಕಾರಣ, ಒಂಡಾನ್ಸೆಟ್ರಾನ್ ಅದನ್ನು ತಡೆಯುತ್ತದೆ. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಕಾಡುವ ವಾಂತಿಯಲ್ಲಿ ಮೆದುಳಿನ 'ಸಬ್‌ಸ್ಟೆನ್ಸ್ ಪಿ' ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಅಪ್ರೆಪಿಟಂಟ್ ಅದರ ದಾರಿಗೆ ಅಡ್ಡ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಕೊಟ್ಟ ವಾಂತಿ ತಡೆಯುವ ಚುಚ್ಚುಮದ್ದಿನ ಬಲದಿಂದ ಹುಣಸೂರು, ಕುಶಾಲನಗರ ದಾಟಿ ಸುಖವಾಗಿಯೇ ಮನೆ ಸೇರಿದೆ. ಮರುದಿನದಿಂದ ನೀರು ಕೂಡ ನಿಲ್ಲಲಿಲ್ಲ. ಕಾಫಿ ಹೂ ಬಿಟ್ಟ ಸಮಯ ಅದು. ವರ್ಷವಿಡೀ ಕಾಯುವ ಆ ಘಮ ತಾಳಲಾರದೆ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಅತ್ತೆ ತೋಟದ ಶುಂಠಿ ಜಜ್ಜಿ ಕಷಾಯ ಮಾಡಿಕೊಟ್ಟರು. ಗಂಟಲಿಗೆ ಹಿತವಾಯಿತು, ವಾಂತಿ ಬಗ್ಗಲಿಲ್ಲ. ಪಕ್ಕದ ಮನೆಯವರು ಘಟ್ಟದ ಬಸ್ಸಿಗೆ ನುಂಗುವ ಮಾತ್ರೆ ತಂದುಕೊಟ್ಟರು. ಪಾಪ, ಪ್ರೀತಿಯಿಂದಲೇ. ಆದರೆ ತಿರುವುಗಳಲ್ಲಿ ಬರುವ ವಾಂತಿಯ ಮೂಲ ಒಳಕಿವಿಯಲ್ಲಿದೆ, ಅದರ ಹಾದಿಯೇ ಬೇರೆ.

ಎರಡನೆಯ ಸಲ ಮೈಸೂರಿನಲ್ಲೇ ಪೂರ್ತಿ ಪೊಟ್ಟಣ ಕೊಂಡೆವು. ಜೊತೆಗೆ ವಾಂತಿ ತಡೆಯಲೆಂದೇ ಬೆಳಿಗ್ಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ರಾತ್ರಿ ಒಲಾಂಜಪಿನ್. ಒಲಾಂಜಪಿನ್ ಮಾನಸಿಕ ಕಾಯಿಲೆಯ ಮಾತ್ರೆ ಎಂದು ಮೊಬೈಲಿನಲ್ಲಿ ಓದಿ ನನ್ನ ಓರಗಿತ್ತಿ ಗಾಬರಿಯಾದಳು. ವಾಂತಿಗೆ ಅದನ್ನು ಕೊಡುವುದು ಕೆಲವೇ ದಿನ, ಸಣ್ಣ ಪ್ರಮಾಣದಲ್ಲಿ. 2.5 ಮಿಲಿಗ್ರಾಂ ಕೂಡ 10 ಮಿಲಿಗ್ರಾಂಗೆ ಕಡಿಮೆಯಿಲ್ಲದಂತೆ ಕೆಲಸ ಮಾಡುತ್ತದೆ, ಮಂಪರು ಕಡಿಮೆ ಎಂದು ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ನನಗೂ ಬರೆದದ್ದು 2.5.

ಈ ಸಲ ಮೂರನೆಯ ದಿನ ಅಡುಗೆಮನೆಯಲ್ಲೇ ಕುಳಿತು ಬಿಸಿ ಅಕ್ಕಿರೊಟ್ಟಿ ತಿಂದೆ. ಒಮ್ಮೆಯೂ ವಾಂತಿಯಾಗಲಿಲ್ಲ. ಸಂಜೆಯ ಹೊತ್ತಿಗೆ ಸಣ್ಣಗೆ ಹೊಟ್ಟೆ ತೊಳಸುವುದು ಮಾತ್ರ ಉಳಿಯಿತು. ಬಾಯಿಯ ಲೋಹದ ರುಚಿ ಈ ಯಾವ ಔಷಧಕ್ಕೂ ಜಗ್ಗಲಿಲ್ಲ. ಬಿಕ್ಕಳಿಕೆ, ಸುಸ್ತು ಇದ್ದವು, ಮಲಬದ್ಧತೆಯಂತೂ ವಿಪರೀತ. ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆ ಏರಿಸುತ್ತದೆ, ಸಕ್ಕರೆ ಕಾಯಿಲೆ ಇರುವವರು ಮೊದಲೇ ಹೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ ನುಂಗುವವರೂ ವೈದ್ಯರಿಗೆ ತಿಳಿಸಲಿ. ಅಪ್ರೆಪಿಟಂಟ್ ಅವುಗಳ ಪರಿಣಾಮವನ್ನು ಕುಗ್ಗಿಸಬಲ್ಲದು.

ಬೆಲೆ ಒಂಡಾನ್ಸೆಟ್ರಾನ್‌ಗಿಂತ ಬಹಳ ಹೆಚ್ಚು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಅಗ್ಗದ್ದು ಯಾವುದೆಂದು ಕೇಳುವುದರಲ್ಲಿ ಸಂಕೋಚ ಬೇಡ. ಕ್ಯಾಪ್ಸೂಲ್ ನುಂಗಲಾಗದವರಿಗೆ, ಊರಿನಲ್ಲಿ ಸಿಗದವರಿಗೆ ಫಾಸ್‌ಅಪ್ರೆಪಿಟಂಟ್ ಎಂಬ ಚುಚ್ಚುಮದ್ದಿದೆ. ಕೀಮೋ ದಿನವೇ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ 150 ಮಿಲಿಗ್ರಾಂ ಒಮ್ಮೆ ಕೊಟ್ಟರೆ ಮನೆಯಲ್ಲಿ ಈ ಕ್ಯಾಪ್ಸೂಲ್ ನುಂಗುವ ಅಗತ್ಯವಿಲ್ಲ. ಸೋಮವಾರಪೇಟೆ, ಪೊನ್ನಂಪೇಟೆ ಕಡೆಯಿಂದ ಹೋಗುವವರು ಮೊದಲ ಭೇಟಿಯಲ್ಲೇ ಅದು ಸಿಗುತ್ತದೆಯೇ ಎಂದು ವಿಚಾರಿಸಿ.