ಹಳೆಯ ಡಿಸ್ಕನ್ನು ಕೀಳದೆ ಹೊಸದನ್ನು ಜೋಡಿಸಿಕೊಟ್ಟ ಸೇವೆ

ನಾನು ನೋಡಿಕೊಳ್ಳುವ ಸರ್ವರನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಅದು ದೂರದ ಡೇಟಾ ಸೆಂಟರೊಂದರಲ್ಲಿರುವ ಬಾಡಿಗೆ ಯಂತ್ರ. ಅದರಲ್ಲಿರುವುದು ಒಂದೇ ಹಾರ್ಡ್ ಡಿಸ್ಕ್, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ರೇಡ್ ವ್ಯವಸ್ಥೆಯಿಲ್ಲ. ಆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೆಯ ಅಂಶ, ಅಂದರೆ ಓದಲಾಗದೆ ಬದಲಿ ಜಾಗಕ್ಕಾಗಿ ಕಾದಿರುವ ಸೆಕ್ಟರುಗಳ (ಡಿಸ್ಕಿನ ಚಿಕ್ಕ ತುಣುಕುಗಳ) ಎಣಿಕೆ, ದಿನದಿಂದ ದಿನಕ್ಕೆ ಏರತೊಡಗಿತು. ಆಗ ಬಾಡಿಗೆ ಸಂಸ್ಥೆಯ ಡಿಸ್ಕ್ ಬದಲಾವಣೆ ಸೇವೆಯ ಮೊರೆಹೋದೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಸೇವೆಯಲ್ಲಿ ಏನನ್ನು ಕೇಳಿ ಪಡೆಯಬೇಕೆಂಬುದೇ ಮುಖ್ಯ.

ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಖಾಲಿ ಡಿಸ್ಕಿನ ಮೇಲೆ ಹೊಸದಾಗಿ ಲಿನಕ್ಸ್ ಸ್ಥಾಪಿಸಿಕೊಡುವುದು ಅವರ ವಾಡಿಕೆ. ಎರಡೂ ಡಿಸ್ಕುಗಳು ಎರಡು ದಿನ ಜೊತೆಯಲ್ಲೇ ಇರಲಿ ಎಂದು ನಾನು ಕೇಳಿಕೊಂಡೆ. ಅವರು ಒಪ್ಪಿದ್ದಷ್ಟೇ ಅಲ್ಲದೆ, ಹಳೆಯ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಕೇಳಿ ಪಡೆದು, ಲೇಬಲ್ಲಿನೊಂದಿಗೆ ತಾಳೆ ನೋಡಿದ ಮೇಲೆಯೇ ಯಂತ್ರಕ್ಕೆ ಕೈಹಾಕಿದರು. ನಾನು ಸ್ಪಷ್ಟವಾಗಿ ಬರೆದು ತಿಳಿಸುವವರೆಗೆ ಅದನ್ನು ಕೀಳಲಿಲ್ಲ. ಈ ಒಂದು ಎಚ್ಚರಕ್ಕಾಗಿಯೇ ಈ ಸೇವೆಯನ್ನು ಮನಸಾರೆ ಮೆಚ್ಚುತ್ತೇನೆ. ಮೊದಲು ಕೊಟ್ಟ ಬದಲಿ ಡಿಸ್ಕ್ ಮಾತ್ರ ಸಾವಿರಾರು ಗಂಟೆ ಓಡಿದ್ದಾಗಿತ್ತು. ಸ್ಮಾರ್ಟ್ ವರದಿಯ 9ನೆಯ ಅಂಶವನ್ನು, ಅಂದರೆ ಡಿಸ್ಕ್ ಓಡಿದ ಗಂಟೆಗಳ ಎಣಿಕೆಯನ್ನು, ತೋರಿಸಿ ಆಕ್ಷೇಪಿಸಿದಾಗ ತಕರಾರಿಲ್ಲದೆ ಬೇರೆ ಕೊಟ್ಟರು.

ನೆಟ್‌ವರ್ಕಿನ ಮೂಲಕ ಮೇಲೆದ್ದು ಪೂರ್ತಿ ರ‍್ಯಾಮಿನಲ್ಲೇ ನಡೆಯುವ ಅವರ ರೆಸ್ಕ್ಯೂ ವ್ಯವಸ್ಥೆ, ಅಂದರೆ ದುರಸ್ತಿ ಕೆಲಸದ ತಾತ್ಕಾಲಿಕ ವ್ಯವಸ್ಥೆ, ಒಳ್ಳೆಯದಿದೆ. ಆಗ ಎರಡೂ ಡಿಸ್ಕುಗಳು ಬಳಕೆಯಲ್ಲಿಲ್ಲದ ಕಾರಣ ನಕಲು ಮಾಡುವಾಗ ಕಡತಗಳು ಬದಲಾಗುವ ಭಯವಿರುವುದಿಲ್ಲ. ಇಡೀ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡುವುದಾದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದೆ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳನ್ನು ನಕ್ಷೆಯಲ್ಲಿ ಗುರುತಿಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತದೆ. ಆದರೆ ಆ ದಾರಿಯಲ್ಲಿ ಎರಡೂ ಡಿಸ್ಕುಗಳ ಯುಯುಐಡಿ, ಅಂದರೆ ಪ್ರತಿ ಪಾರ್ಟಿಷನ್ನನ್ನು (ಡಿಸ್ಕಿನ ವಿಭಾಗವನ್ನು) ಗುರುತಿಸುವ ಸಂಖ್ಯೆ, ಒಂದೇ ಆಗಿಬಿಡುತ್ತದೆ. ಕೆಟ್ಟ ಸೆಕ್ಟರಿನಲ್ಲಿ ಯಾವ ಕಡತ ಹೋಯಿತೆಂಬುದೂ ಸುಲಭಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹೊಸ ಪಾರ್ಟಿಷನ್ನುಗಳನ್ನು ಮಾಡಿ, ಹಾರ್ಡ್ ಲಿಂಕು (ಒಂದೇ ಕಡತಕ್ಕಿರುವ ಹಲವು ಹೆಸರುಗಳು), ಅನುಮತಿ, ಮಾಲೀಕತ್ವ ಎಲ್ಲವೂ ಉಳಿಯುವಂತೆ ಆಯ್ಕೆಗಳನ್ನು ಕೊಟ್ಟು, ಕಡತಗಳನ್ನು ನಕಲು ಮಾಡುವ ತಂತ್ರಾಂಶವಾದ ಆರ್‌ಸಿಂಕ್‌ನಿಂದ ಕಡತಗಳನ್ನು ಸಾಗಿಸಿದೆ. ಓದಲು ಬಾರದಿದ್ದುದು ಎರಡೇ ಕಡತ, ಮತ್ತು ಆರ್‌ಸಿಂಕ್ ಅವುಗಳ ಹೆಸರನ್ನು ಹೇಳಿತು: ಒಂದು ಹಳೆಯ ಲಾಗ್, ಇನ್ನೊಂದು ಪ್ಯಾಕೇಜನ್ನು ಮರುಸ್ಥಾಪಿಸಿದರೆ ಮರಳಿ ಬರುವ ಲೈಬ್ರರಿ.

ಇಲ್ಲಿಂದ ಮುಂದೆ ಸೇವೆಯ ಕೊರತೆಗಳು ಕಾಣಿಸಿಕೊಂಡವು. ನನ್ನ ಸರ್ವರ್ ಹೊಸ ಬಗೆಯ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವಂಥದ್ದು, ಆದರೆ ರೆಸ್ಕ್ಯೂ ವ್ಯವಸ್ಥೆ ಹಳೆಯ ಬಯೋಸ್ ವಿಧಾನದಲ್ಲಿ ಮೇಲೇಳುತ್ತಿತ್ತು. ಆ ಸ್ಥಿತಿಯಲ್ಲಿ, ಯಂತ್ರವನ್ನು ಮೊದಲು ಎಬ್ಬಿಸುವ ಒಳತಂತ್ರಾಂಶವಾದ ಫರ್ಮ್‌ವೇರಿನ ಬೂಟ್ ಪಟ್ಟಿಗೆ ಏನನ್ನೂ ಬರೆಯಲಾಗುವುದಿಲ್ಲ. ಪಟ್ಟಿಯಲ್ಲಿದ್ದ ಹಳೆಯ ನಮೂದು ಹಳೆಯ ಪಾರ್ಟಿಷನ್ನಿನ ಗುರುತನ್ನೇ ಹಿಡಿದಿರುವುದರಿಂದ ಹೊಸ ಡಿಸ್ಕಿಗೆ ಉಪಯೋಗವಿಲ್ಲ. ಕೊನೆಗೆ, ನಮೂದಿಲ್ಲದಿದ್ದರೂ ಫರ್ಮ್‌ವೇರ್ ತಾನಾಗಿ ಹುಡುಕುವ, ಬೂಟ್ ಕಡತಗಳ ಇಎಫ್‌ಐ ಪಾರ್ಟಿಷನ್ನಿನ 'ಬೂಟ್' ಫೋಲ್ಡರಿನಲ್ಲೇ ಲಿನಕ್ಸನ್ನು ಎಬ್ಬಿಸುವ ಗ್ರಬ್ಬನ್ನು ಸ್ಥಾಪಿಸಿದೆ. ಇದನ್ನು ಅವರ ಸಹಾಯ ಪುಟ ಎಲ್ಲಿಯೂ ಹೇಳುವುದಿಲ್ಲ, ಹೇಳಲೇಬೇಕಿತ್ತು.

ತಂತ್ರಜ್ಞರು ಹಳೆಯ ಡಿಸ್ಕಿನ ಕೇಬಲ್ ಬಿಡಿಸಿ ಯಂತ್ರವನ್ನು ಚಾಲೂ ಮಾಡಿದಾಗ ಸರ್ವರ್, ಎದ್ದಿದೆಯೇ ಎಂದು ಕೇಳುವ ಪಿಂಗಿಗೂ ಉತ್ತರಿಸಲಿಲ್ಲ. ಇಂಥ ಹೊತ್ತಿನಲ್ಲಿ ದೂರದಲ್ಲಿರುವವರಿಗೆ ಪರದೆಯೊಂದೇ ಕಣ್ಣು. ಆದರೆ ಯಂತ್ರದ ಪರದೆಯನ್ನು ದೂರದಿಂದ ತೋರಿಸುವ ರಿಮೋಟ್ ಕನ್ಸೋಲನ್ನು ಇವರು ಪ್ರತ್ಯೇಕವಾಗಿ ಕೇಳಿದರಷ್ಟೇ, ಅದೂ ಮೂರು ಗಂಟೆಗಳ ಮಟ್ಟಿಗೆ ಕೊಡುತ್ತಾರೆ. ಅದು ಕೈಸೇರಿದ ಮೇಲೆ ಕಾರಣ ಹೊಳೆಯಲು ಐದು ನಿಮಿಷವೂ ಬೇಕಾಗಲಿಲ್ಲ: ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್ನುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿ ರೂಟ್ (ಮುಖ್ಯ) ಪಾರ್ಟಿಷನ್ನಿನ ಯುಯುಐಡಿಯನ್ನು ತಿದ್ದಿದ್ದ ನಾನು ಇಎಫ್‌ಐ ಪಾರ್ಟಿಷನ್ನಿನ ಸಾಲನ್ನು ತಿದ್ದಿರಲಿಲ್ಲ. ಇಲ್ಲದ ಪಾರ್ಟಿಷನ್ನಿಗಾಗಿ, ಲಿನಕ್ಸಿನ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ 90 ಸೆಕೆಂಡು ಕಾದು ತುರ್ತು ಸ್ಥಿತಿಗೆ ಇಳಿದಿತ್ತು. ಅಲ್ಲಿ ಅದು ರೂಟ್, ಅಂದರೆ ಮುಖ್ಯ ನಿರ್ವಾಹಕರ, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀಲಿಯಿಂದ (ದೂರದಿಂದ ಪ್ರವೇಶಿಸಲು ಬಳಸುವ ಗುರುತಿನ ಕಡತದಿಂದ) ಮಾತ್ರ ಲಾಗಿನ್ ಆಗುವವರು ಈ ಕೆಲಸಕ್ಕೆ ಇಳಿಯುವ ಮುನ್ನ ಒಂದು ಪಾಸ್‌ವರ್ಡ್ ಇಟ್ಟುಕೊಂಡಿರಬೇಕು. ತಪ್ಪು ನನ್ನದೇ ಆದರೂ, ಕನ್ಸೋಲಿಗಾಗಿ ಕಾದ ಅವಧಿ ಇಡೀ ನಕಲಿಗೆ ಹಿಡಿದ ಅವಧಿಗಿಂತ ಹೆಚ್ಚಾಯಿತು. ಡಿಸ್ಕ್ ಬದಲಾವಣೆಗೆ ಒಪ್ಪಿದ ಕ್ಷಣದಿಂದಲೇ, ಕೆಲಸ ಮುಗಿಯುವವರೆಗೆ ಕನ್ಸೋಲ್ ತೆರೆದಿರುವಂತೆ ಅವರು ನಿಯಮ ಮಾಡಬೇಕು.

ಬೇರೆ ಡಿಸ್ಕ್ ಮಾತ್ರ ಬಂದದ್ದರಿಂದ ನೆಟ್‌ವರ್ಕಿನಲ್ಲಿ ಏನನ್ನೂ ತಿದ್ದಬೇಕಾಗಲಿಲ್ಲ. ಎಸ್‌ಎಸ್‌ಎಚ್ ಕೀಲಿಗಳೂ ಹಳೆಯವೇ ಉಳಿದವು. ಹಳೆಯ ಡಿಸ್ಕನ್ನು ಇನ್ನೊಬ್ಬ ಗ್ರಾಹಕರಿಗೆ ಕೊಡದೆ ನಾಶಪಡಿಸಬೇಕೆಂದು ಕೋರಿದ್ದೆ, ಏಕೆಂದರೆ ಬದಲಿ ಜಾಗ ಪಡೆದ ಕೆಟ್ಟ ಸೆಕ್ಟರುಗಳಲ್ಲಿ ಉಳಿದ ಮಾಹಿತಿಯನ್ನು ಮೇಲಿಂದ ಬರೆದು ಅಳಿಸಲಾಗುವುದಿಲ್ಲ. ನಾಶಪಡಿಸಿದ್ದನ್ನು ಸೀರಿಯಲ್ ಸಂಖ್ಯೆಯ ಸಮೇತ ಮರುವಾರ ಲಿಖಿತವಾಗಿ ತಿಳಿಸಿದರು.